ಸೌಂಡ್ ಕಾರ್ಡಿನಲ್ಲಿ ಅವ್ವನ ತಂಬೂರಿ

ನಮ್ಮ ಅವ್ವನ ದನಿ ಹೇಗಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಳು. ಉಳಿದದ್ದು ಧಾರವಾಡದ ಮನೆಯಲ್ಲಿ ರೆಕಾರ್ಡ್ ಮಾಡಿದ ಒಂದು ಕ್ಯಾಸೆಟ್. ಹಾಡಿದ್ದು ಅಪ್ಪ, ಹಿಂದೆ ತಂಬೂರಿ ಹಿಡಿದು ಕೂತವಳು ಅವ್ವ. ಶುರುವಿನಲ್ಲೇ ಅಪ್ಪ ಗದರುತ್ತಾರೆ: "ಕೈಬಳಿ ಸಪ್ಪಳ ಬರ್ಲಿಕತ್ತದ, ಮ್ಯಾಲೆ ಸರಸ್ಕೋ." ಆಮೇಲೆ ತುಸು ಮೌನ, ಆಮೇಲೆ ಆಲಾಪ.

ಆ ಮೌನದಲ್ಲಿ ಝುಂ ಎಂಬ ನಾದ ಸಣ್ಣಗೆ ಕೇಳುತ್ತಿತ್ತು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಿಕೊಂಡ ದಿನದಿಂದ ಅದನ್ನೇ ಅವ್ವ ಎಂದುಕೊಂಡು ಕೇಳುತ್ತಿದ್ದೆ. ಅಪ್ಪ ಬದುಕಿದ್ದಾಗ, ನನ್ನ ಜೊತೆ ಜಗಳವಾದಾಗಲೆಲ್ಲ, "ನಿಮ್ಮವ್ವ ಒಂದ್ ಮಾತು ಎದುರಾಡಿದಾಕಿ ಅಲ್ಲ. ನಿನಗ ಈ ಬಾಯಿ ಎಲ್ಲಿಂದ ಬಂತು?" ಎನ್ನುತ್ತಿದ್ದರು.

ಈಗ ನಾನಿರುವ ಯೂಲೆಸ್ ಊರು ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ; ನಮ್ಮ ಮನೆಯ ನೆತ್ತಿಯ ಮೇಲೆ ವಿಮಾನಗಳು ಇಳಿಯುತ್ತಲೇ ಇರುತ್ತವೆ. ಆ ಗದ್ದಲದಲ್ಲಿ ನಾನು ತಂಬೂರಿ ಹುಡುಕುವುದನ್ನು ನೋಡಿ ಮಗಳು ಒಳ್ಳೆಯ ಹೆಡ್‌ಫೋನ್ ಕೊಡಿಸಿದಳು. ಹಾಕಿಕೊಂಡರೆ ಅಪ್ಪ ಬಾವಿಯ ತಳದಲ್ಲಿ ಕೂತು ಹಾಡಿದಂತಿತ್ತು. ಇಷ್ಟು ದುಡ್ಡು ಸುರಿದು ಇದೇನು ಕರ್ಮ ಎಂದು ರೇಗಿದೆ. ಹೆಡ್‌ಫೋನ್ ದೊಡ್ಡದು, ಕಂಪ್ಯೂಟರಿನ ಶಕ್ತಿ ಅದಕ್ಕೆ ಸಾಲದು, ಒಳ್ಳೆಯ ಸೌಂಡ್ ಕಾರ್ಡ್ ಬೇಕು ಎಂದಳು. ಅವಳ ಆಫೀಸು ಆಸ್ಟಿನ್‌ನ ದ ಡೊಮೇನ್ ಎಂಬ ಅಂಗಡಿ-ಆಫೀಸುಗಳ ಬಡಾವಣೆಯಲ್ಲಿ. ಒಂದು ಶನಿವಾರ ಅಲ್ಲಿಗೇ ಡ್ರೈವ್ ಮಾಡಿಕೊಂಡು ಹೋದೆ. ಅವಳ ಆಫೀಸಿನ ಹತ್ತಿರದ ಅಂಗಡಿಯೊಂದರಲ್ಲಿ ಹಾಡು ಹಾಕಿ ಕೇಳಿ ನೋಡಿಯೇ ಕೊಳ್ಳುವ ಅವಕಾಶವಿತ್ತು.

ಮೊದಲನೆಯದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಕಾರ್ಡು, ಕೆಂಪು ದೀಪ ಬೇರೆ. ನನ್ನ ಹೆಡ್‌ಫೋನನ್ನೇ ಅದಕ್ಕೆ ಸಿಕ್ಕಿಸಿ ಅಪ್ಪನನ್ನು ಹಾಡಿಸಿದೆವು. ದನಿ ತುಂಬಿ ಬಂತು. ಝುಂ ನಾದವೂ ಜೋರಾಯಿತು. ನನ್ನ ಕಣ್ಣು ಒದ್ದೆಯಾಯಿತು.

"ಇದೇ ಸಾಕು. ಪ್ಯಾಕ್ ಮಾಡ್ಸು," ಎಂದೆ.

"ಅಮ್ಮಾ, ಟ್ರೈ ದ ಅದರ್ ಒನ್," ಎಂದಳು.

ಎರಡನೆಯದು ವೈರಿನ ತುದಿಗೆ ಹೊರಗೇ ಇರುವ, ಬೆಂಕಿಪೆಟ್ಟಿಗೆಯಂಥ ಕಪ್ಪು ಡಬ್ಬಿ. ಅದರಲ್ಲಿ ಅಪ್ಪ ಗದರಿದರು. ಆಮೇಲೆ ಝುಂ ಇಲ್ಲವೇ ಇಲ್ಲ. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ.

"ಇದರಾಗ ನಮ್ಮವ್ವನೇ ಇಲ್ಲ! ತಂಬೂರಿ ಪೂರಾ ನುಂಗಿಬಿಟ್ಟದ ಇದು!"

ಅಂಗಡಿಯವರೆಲ್ಲ ತಿರುಗಿ ನೋಡಿದರು. ಮಗಳು ನನ್ನನ್ನು ಮತ್ತೆ ಮೊದಲನೆಯ ಕಂಪ್ಯೂಟರಿನ ಮುಂದೆ ಕೂರಿಸಿ, ಹೆಡ್‌ಫೋನ್ ಹಾಕಿ, ಹಾಡು ನಿಲ್ಲಿಸಿದಳು. ಹಾಡು ನಿಂತಿತು, ಝುಂ ನಿಲ್ಲಲಿಲ್ಲ.

"ದಟ್ಸ್ ಜಸ್ಟ್ ಎಲೆಕ್ಟ್ರಿಕಲ್ ನಾಯ್ಸ್, ಅಮ್ಮಾ. ನಮ್ಮ ಮನೆಯ ಕಂಪ್ಯೂಟರಿನಲ್ಲೂ ಇದೆ," ಎಂದಳು ಮೆಲ್ಲಗೆ.

ಶ್ರುತಿಯ ನಡುವೆಯೇ ಬೆಳೆದವಳು ನಾನು, ಕರೆಂಟಿನ ಗುಂಯ್‌ಗುಡುವಿಕೆಯನ್ನು ಅವ್ವ ಎಂದು ಇಷ್ಟು ವರ್ಷ ಅಪ್ಪಿಕೊಂಡು ಕೂತಿದ್ದೆ. ಅವ್ವ ಇನ್ನೊಮ್ಮೆ ತೀರಿಕೊಂಡಂತಾಯಿತು. ಅಪ್ಪನ ಹಾಡಾದರೂ ಕೇಳೋಣ ಎಂದು ಮತ್ತೆ ಕಪ್ಪು ಡಬ್ಬಿಯ ಮುಂದೆ ಕೂತು ಕಣ್ಣು ಮುಚ್ಚಿದೆ.

ಅಪ್ಪ ಗದರಿದರು. ಟೇಪಿನ ಸುಯ್ಯೆನ್ನುವ ಸದ್ದು. ಅದರ ಹಿಂದೆ, ಬಲು ದೂರದಲ್ಲಿ, ತಂಬೂರಿಯ ತಂತಿಯೊಂದು ನಿಜಕ್ಕೂ ಮಿಡಿಯಿತು. ಆಮೇಲೆ ಬಳೆಗಳು ಒಂದರ ಮೇಲೊಂದು ಜಾರಿ ಮೊಣಕೈಯ ಕಡೆಗೆ ಏರಿದವು. ಗಾಜಿನವು ಎಂದು ಕಿವಿಗೇ ತಿಳಿಯಿತು. ನನ್ನನ್ನು ಎತ್ತಿಕೊಂಡಿದ್ದ ಕೈ ಅದು. ಉಸಿರಾಡಲೂ ಹೆದರಿದೆ, ಎಲ್ಲಿ ಅಳಿಸಿಹೋಗುತ್ತದೋ ಎಂದು. ಆಗ, ಆಲಾಪಕ್ಕೆ ಮುಂಚೆ, ಒಬ್ಬ ಹೆಣ್ಣುಮಗಳು ತಗ್ಗಿದ ದನಿಯಲ್ಲಿ, ಖಡಕ್ಕಾಗಿ ಹೇಳಿದಳು:

"ಸರಸೀನ್ರಿ. ಮೊದ್ಲ ನೀವು ಸುರ ನೆಟ್ಟಗ ಹಚ್ರಿ."

ಮತ್ತೆ ಮೊದಲಿಂದ ಹಾಕಿ, ಹೆಡ್‌ಫೋನನ್ನು ಮಗಳ ಕಿವಿಗೆ ಇಟ್ಟೆ. ಅವಳು ಕೇಳಿದಳು, ಕಣ್ಣರಳಿಸಿ ನನ್ನನ್ನೇ ನೋಡಿದಳು.

"ಅಮ್ಮಾ, ಇದು ಥೇಟ್ ನೀನೇ," ಎಂದಳು.