ಹಿತ್ತಲ ಕೋಣೆಯ ಒಪ್ಪಿಗೆ ಪತ್ರ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅರಸೀಕೆರೆಯ ಕಾಲೇಜೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳುವ ಜವಾಬ್ದಾರಿ ನನ್ನದಾಗಿತ್ತು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ನೇಪಾಳ, ಸುಡಾನ್, ಟಾಂಜಾನಿಯಾಗಳಿಂದ ಬಂದ ಏಳೆಂಟು ಮಂದಿ ನಮ್ಮಲ್ಲಿ ಬಿ.ಎಸ್ಸಿ. ಓದುತ್ತಿದ್ದರು. ಅವರಿಗೆ ಮನೆ ಹುಡುಕುವುದು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದು, ಊರಿಗೆ ಫೋನು ಮಾಡಬೇಕೆಂದರೆ ಎಸ್‌ಟಿಡಿ ಬೂತಿನವನ ಜೊತೆ ಮಾತಾಡುವುದು ಎಲ್ಲವೂ ನನ್ನ ಕೆಲಸವೇ. ಇವೆಲ್ಲಕ್ಕಿಂತ ಮುಖ್ಯವಾದದ್ದು ವರ್ಷಕ್ಕೊಮ್ಮೆ ಹಾಸನದ ಜಿಲ್ಲಾ ಕಚೇರಿಯಲ್ಲಿ ಅವರ ವಾಸದ ಪರವಾನಗಿಯನ್ನು ನವೀಕರಿಸಿಕೊಂಡು ಬರುವುದು. ಪರವಾನಗಿ ತಪ್ಪಿದರೆ ವಿದ್ಯಾರ್ಥಿವೇತನ ನಿಲ್ಲುತ್ತಿತ್ತು. ಅದು ನಿಂತರೆ ಪದವಿಯಿಲ್ಲದೆ ತಮ್ಮ ದೇಶಕ್ಕೆ ಮರಳುವುದೊಂದೇ ಅವರಿಗೆ ಉಳಿಯುತ್ತಿದ್ದ ದಾರಿ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲರ ಅರ್ಜಿಯಲ್ಲೂ ಒಂದೇ ವಿಳಾಸವಿತ್ತು: ಕೇರಾಫ್ ಪ್ರಾಂಶುಪಾಲರು.

"ಇವರು ಯಾರೂ ಪ್ರಾಂಶುಪಾಲರ ಮನೆಯಲ್ಲಿ ಇಲ್ಲವಲ್ಲ?" ಎಂದು ಹೆಡ್‌ಕ್ಲಾರ್ಕನ್ನು ಕೇಳಿದೆ.

"ಇದ್ದಿದ್ರೆ ಪ್ರಾಂಶುಪಾಲರೇ ಮನೆ ಬಿಟ್ಟು ಹೋಗ್ತಿದ್ರು ಮೇಡಂ" ಎಂದು ಅವರು ನಕ್ಕರು. "ಈ ಊರಲ್ಲಿ ಯಾವ ಓನರ್ರೂ ಹೆಸರು ಕೊಡಲ್ಲ, ಮನೆ ಕೊಡ್ತಾರೆ. ಅಷ್ಟು ಸಾಲ್ದಾ?"

ಸಾಲದು ಎಂದು ನನಗೆ ಅನ್ನಿಸಿತು. ನಾನು ಬೇಲೂರಿನ ಬೌದ್ಧ ಕುಟುಂಬದವಳು. ಮೇಷ್ಟರಾಗಿದ್ದ ನನ್ನ ತಂದೆ ದೀಕ್ಷೆ ಪಡೆದ ಮೇಲೆ ಯಾರು ಕೇಳಿದರೂ ತಮ್ಮ ಗುರುತನ್ನು ಪೂರ್ಣವಾಗಿ, ಗಟ್ಟಿಯಾಗಿ ಹೇಳುತ್ತಿದ್ದರು. ಅದೇ ಸ್ವಾಭಿಮಾನ ಎಂದು ನಮಗೂ ಕಲಿಸಿದ್ದರು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ನಾನು ಅದಕ್ಕೆ ಇನ್ನೊಂದು ನಂಬಿಕೆಯನ್ನು ಸೇರಿಸಿಕೊಂಡಿದ್ದೆ. ಖಂಡಿಸಲಾಗದ ವಾದವನ್ನು ಮುಂದಿಟ್ಟರೆ ಎದುರಿನವರು ಒಪ್ಪಲೇಬೇಕು ಎಂಬುದು ಆ ನಂಬಿಕೆ. ಆದ್ದರಿಂದ ಜಿಲ್ಲಾ ಕಚೇರಿಗೆ ಒಂದು ಪತ್ರ ಬರೆದೆ. ಇದುವರೆಗಿನ ವಿಳಾಸಗಳು ವಾಸ್ತವವಲ್ಲವೆಂದೂ, ಇನ್ನು ಮುಂದೆ ಮನೆ ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ ನಿಜವಾದ ವಿಳಾಸವನ್ನು ಮಾತ್ರ ಕಳಿಸುವೆವೆಂದೂ ಅದರಲ್ಲಿತ್ತು. ಪ್ರಾಂಶುಪಾಲರು ಒಂದು ಕ್ಷಣ ನನ್ನ ಮುಖ ನೋಡಿ ಸಹಿ ಹಾಕಿದರು. ಆ ನೋಟವನ್ನು ನಾನು ಮೆಚ್ಚುಗೆಯೆಂದು ತಿಳಿದೆ.

ಹುಡುಗರ ಒಪ್ಪಿಗೆ ಪತ್ರಗಳು ಎರಡು ವಾರದಲ್ಲಿ ಬಂದವು. ಹೆಚ್ಚಿನವರು ಕಾಲೇಜಿನ ಹಾಸ್ಟೆಲಿನಲ್ಲೇ ಇದ್ದರು. ಆಗ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇರಲಿಲ್ಲ. ಹೀಗಾಗಿ ಉಳಿದದ್ದು ಒಬ್ಬಳೇ, ಟಾಂಜಾನಿಯಾದಿಂದ ಬಂದ ಎರಡನೇ ವರ್ಷದ ಹುಡುಗಿ.

ಅವಳು ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ, ತೆಂಗಿನ ವ್ಯಾಪಾರದ ಶೈವ ಮನೆತನವೊಂದರ ಹಿತ್ತಲ ಕೋಣೆಯಲ್ಲಿ ಇದ್ದಳು. ಮನೆಯಲ್ಲಿ ವಿಧವೆಯಾದ ಮುದುಕಿಯೊಬ್ಬರೇ. ಹುಡುಗಿ ಅವರನ್ನು "ಅವ್ವ" ಎನ್ನುತ್ತಿದ್ದಳು, ಅವರ ಬಾಯಿಂದಲೇ ಕನ್ನಡ ಕಲಿತು "ಬತ್ತೀನಿ ಕಣವ್ವ" ಎಂದು ಹೇಳಿ ಕಾಲೇಜಿಗೆ ಹೊರಡುತ್ತಿದ್ದಳು. ಭಾನುವಾರಗಳಲ್ಲಿ ಅವಳು ಸಂತೆಯಲ್ಲಿ ಕೊಂಡ ಒಣಮೀನನ್ನು ಟೊಮೆಟೊ ಹಾಕಿ ಬೇಯಿಸುತ್ತಿದ್ದಳು. ಪೂಜೆಯಿಲ್ಲದೆ ನೀರು ಮುಟ್ಟದ ಮುದುಕಿ ಆ ಹೊತ್ತಿಗೆ ನಡುವಿನ ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕಿ, ಜಗಲಿಗೆ ಬಂದು ಕೂರುತ್ತಿದ್ದರು. ಒಂದು ಭಾನುವಾರ ನಾನೂ ಅಲ್ಲಿದ್ದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದರು:

"ಏನಕ್ಕಾ, ನಿಮ್ ಹಿತ್ತಲಾಗೆ ಏನೋ ವಾಸ್ನೆ?"

"ನಂಗೆಲ್ಲಿ ಗೊತ್ತಾಯ್ತದೆ ಕಣೇ, ಗೌರಿಹಬ್ಬದಿಂದ ನೆಗಡಿ. ಮೂಗು ಕಟ್ಟೈತೆ."

"ನಿಮ್ ನೆಗಡಿಗೆ ಒಂದ್ ವರ್ಷ ತುಂಬ್ತಾ ಬಂತು ಕಣಕ್ಕೋ, ಹುಟ್ಟಿದಬ್ಬ ಮಾಡನಾ!"

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಒಬ್ಬಳ ಊಟ ಇನ್ನೊಬ್ಬರ ನೆಗಡಿಯ ಮರೆಯಲ್ಲಿ ನಡೆಯಬೇಕಾದ ಸ್ಥಿತಿ ನನಗೆ ಅವಮಾನಕರವಾಗಿ ಕಂಡಿತು. ಆ ದಿನವೇ, ನಾನು ಬರೆದಿಟ್ಟಿದ್ದ ಒಪ್ಪಿಗೆ ಪತ್ರಕ್ಕೆ ನಾಲ್ಕನೆಯ ಅಂಶವೊಂದನ್ನು ಸೇರಿಸಿದೆ: "ಬಾಡಿಗೆದಾರರು ತಮ್ಮ ಇಚ್ಛೆಯ ಆಹಾರವನ್ನು ಬೇಯಿಸಿಕೊಳ್ಳಲು ಮಾಲೀಕರ ಅಭ್ಯಂತರವಿರುವುದಿಲ್ಲ."

ಹುಡುಗಿಗೆ ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಸ್ವಲ್ಪ ಯೋಚಿಸಿ, "ಇದು ಬೇಕೇ ಮೇಡಂ? ಅವ್ವ ಏನೂ ಅನ್ನುವುದಿಲ್ಲವಲ್ಲ" ಎಂದಳು. "ಅನ್ನದಿರುವುದು ಬೇರೆ, ಒಪ್ಪುವುದು ಬೇರೆ" ಎಂದೆ ನಾನು. ಅವಳು ಸರಿಯೆಂದಳು. ಅವಳಿಗಿಂತ ನನಗೆ ಚೆನ್ನಾಗಿ ಗೊತ್ತಿದೆ ಎಂದು ಅವಳು ನಂಬಿದ್ದಳು.

ಮನೆಯ ಪತ್ರಗಳು ಮುದುಕಿಯ ಮೈದುನರ ಹೆಸರಿನಲ್ಲಿದ್ದವು. ಸಹಿ ಅವರೇ ಹಾಕಬೇಕು. ಒಂದು ಸಂಜೆ ಅವರು ಇನ್ನಿಬ್ಬರು ನೆಂಟರೊಡನೆ ನಡುಮನೆಯಲ್ಲಿ ಕುಳಿತಿದ್ದರು. ನನಗೆ ಕುರ್ಚಿ ಹಾಕಿಸಿ ಕಾಫಿ ಕೊಡಿಸಿದರು. ಮುದುಕಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು, ಹುಡುಗಿ ನನ್ನ ಪಕ್ಕದಲ್ಲಿ. ನಾನು ಪತ್ರವನ್ನು ಗಟ್ಟಿಯಾಗಿ ಓದಿದೆ. ನಾಲ್ಕನೆಯ ಅಂಶಕ್ಕೆ ಬಂದಾಗ ಮೈದುನರು ಕೈಯೆತ್ತಿದರು.

"ಇಚ್ಛೆಯ ಆಹಾರ ಅಂದ್ರೆ ಏನು ಮೇಡಮ್ಮೋರೆ?"

ಬಾಗಿಲಿನಿಂದ ಮುದುಕಿ ತಟ್ಟನೆ ಹೇಳಿದರು: "ಅನ್ನ ಸಾರು ಕಣಪ್ಪ. ಇನ್ನೇನ್ ಮಾಡ್ಯಾಳು ಒಬ್ಳೆ ಹುಡುಗಿ? ಹಾಕು ಸಹಿ, ಕತ್ತಲಾಯ್ತು."

ಅಲ್ಲಿಗೆ ಮುಗಿಯಬಹುದಿತ್ತು. ಮೈದುನರು ಜೇಬಿನಿಂದ ಪೆನ್ನು ತೆಗೆದಿದ್ದರು. ನಾನು, "ಮೀನು ಕೂಡ" ಎಂದೆ.

ಆಮೇಲೆ ಸುಮಾರು ಅರ್ಧ ಗಂಟೆ ನಾನೇ ಮಾತಾಡಿದೆ. ಹುಟ್ಟಿನ ಭೇದವನ್ನು ಅಲ್ಲಗಳೆದ ಪರಂಪರೆ ನಿಮ್ಮದಲ್ಲವೇ ಎಂದು ಕೇಳಿದೆ. ಸಾವಿರಾರು ಮೈಲಿ ದಾಟಿ ವಿದ್ಯೆಗಾಗಿ ಬಂದವಳಿಗೆ ಅನ್ನ ಹಾಕುವ ನಿಮ್ಮ ಮಠಗಳ ಸಂಪ್ರದಾಯ ಈ ಹಿತ್ತಲಿಗೆ ಯಾಕೆ ಅನ್ವಯಿಸುವುದಿಲ್ಲ ಎಂದೆ. ಅವರ ಪ್ರತಿಯೊಂದು ಆಕ್ಷೇಪವನ್ನೂ ಅವರು ಎತ್ತುವ ಮೊದಲೇ ನಾನೇ ಎತ್ತಿ ಉತ್ತರಿಸಿದೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ಮಾತಾಡಿರಲಿಲ್ಲ. ನೆಂಟರಲ್ಲೊಬ್ಬರು ತಲೆಯಾಡಿಸಿದ್ದೂ ಕಂಡಿತು.

ಮೈದುನರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ನೀವು ಹೇಳಿದ್ರಾಗೆ ಒಂದೂ ತಪ್ಪಿಲ್ಲ. ನಮ್ ಸ್ವಾಮಿಗಳೂ ಇಷ್ಟು ಚೆನ್ನಾಗಿ ಹೇಳಾಕಿಲ್ಲ" ಎಂದರು. ಪೆನ್ನಿಗೆ ಮುಚ್ಚಳ ಹಾಕಿದರು. "ಆದ್ರೆ ಇಷ್ಟ್ ದಿನ ನಂಗೆ ಇದು ಗೊತ್ತಿರಲಿಲ್ಲ. ಈಗ ನಾಲ್ಕ್ ಜನದ ಎದುರು ಗೊತ್ತಾಯ್ತು. ತಿಂಗಳ ಕೊನೇಗೆ ರೂಮು ಖಾಲಿ ಮಾಡ್ಸಿಬಿಡಿ."

ಹೊರಗೆ ಬರುವಾಗ ಮುದುಕಿ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿದರು. "ಅವ್ನಿಗೂ ಗೊತ್ತಿತ್ತು ಕಣವ್ವ. ಭಾನುವಾರ ಈ ಕಡೀಕೇ ಬತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ದಂಗೆ ಇದ್ದ. ನೀನು ಓದಿ ಹೇಳ್ಬಿಟ್ಟೆ." ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಬೈಗುಳವಿರಲಿಲ್ಲ.

ಪರವಾನಗಿಯ ಅವಧಿ ಮುಗಿಯಲು ಐದು ವಾರ ಉಳಿದಿತ್ತು. ನಾವಿಬ್ಬರೂ ಅರಸೀಕೆರೆಯ ಬೀದಿಬೀದಿ ತಿರುಗಿದೆವು. ಸುದ್ದಿ ನಮಗಿಂತ ಮೊದಲು ಹೋಗಿರುತ್ತಿತ್ತು. "ಓಹೋ, ಆ ಮೀನಿನ ಹುಡುಗಿಯಾ?" ಎಂದು ಗೇಟಿನಲ್ಲೇ ಕೇಳುತ್ತಿದ್ದರು. ಕೊನೆಗೆ ನಾನು ಹೆಡ್‌ಕ್ಲಾರ್ಕಿನ ಬಳಿ ಹೋಗಿ, ಹಳೆಯ ಪದ್ಧತಿಯಂತೆ ಪ್ರಾಂಶುಪಾಲರ ವಿಳಾಸವನ್ನೇ ಬರೆದರೆ ಆಗದೆ ಎಂದು ಕೇಳಿದೆ. ಅವರು ಫೈಲು ತೆಗೆದು ನನ್ನದೇ ಪತ್ರದ ಕಾಪಿಯನ್ನು ಮೇಜಿನ ಮೇಲಿಟ್ಟರು. "ನೀವೇ ಬಾಗಿಲು ಹಾಕ್ಕೊಂಡಿದ್ದೀರಲ್ಲ ಮೇಡಂ" ಎಂದರು. ಅವರ ಮುಖದಲ್ಲೂ ಗೆಲುವಿರಲಿಲ್ಲ.

ಬೇಲೂರಿನಲ್ಲಿ ನನ್ನ ಸೋದರತ್ತೆ ಇದ್ದರು. ಕೇಳಿದ ತಕ್ಷಣ ಒಪ್ಪಿಕೊಂಡರು, ಪತ್ರಕ್ಕೆ ಓದದೆಯೇ ಸಹಿ ಹಾಕಿದರು. ಹುಡುಗಿಗೆ ತಟ್ಟೆ ಇಟ್ಟು ಕೋಳಿಸಾರು ಬಡಿಸಿದರು. ಅವಳು ಕೈ ತೊಳೆಯಲು ಎದ್ದು ಹೋದಾಗ ನನ್ನ ಕಡೆ ತಿರುಗಿದರು.

"ಅಲ್ಲ ಕಣೇ, ಅರಸೀಕೆರೇಲಿ ನಿನಗೇ ರೂಮಿದೆಯಲ್ಲ. ಅಲ್ಲೇ ಯಾಕೆ ಇಟ್ಕೊಳ್ಳಲಿಲ್ಲ?"

ನಾನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

"ನಿನ್ನ ಓನರ್‌ಗೆ ನಾವು ಯಾರು ಅಂತ ಹೇಳಿದ್ದೀಯಾ?"

ಹೇಳಿರಲಿಲ್ಲ. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ನಾನು ಮೇಜಿನ ಮೇಲೆ ಬುದ್ಧನ ಪಟ ಇಟ್ಟಿರಲಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೆ. ಹುಡುಗಿಯನ್ನು ಕರೆದುಕೊಂಡು ಹೋದರೆ ಓನರ್ ಪ್ರಶ್ನೆಗಳನ್ನು ಕೇಳಲು ಶುರುಮಾಡುತ್ತಾರೆ, ಆ ಪ್ರಶ್ನೆಗಳು ನನ್ನವರೆಗೂ ಬರುತ್ತವೆ ಎಂದು ನನಗೆ ಗೊತ್ತಿತ್ತು. ಹುಡುಕಾಟದ ಆ ವಾರಗಳಲ್ಲಿ ಪ್ರತಿದಿನವೂ ಈ ಯೋಚನೆ ಬಂದಿತ್ತು, ಪ್ರತಿದಿನವೂ ಅದನ್ನು ತಳ್ಳಿದ್ದೆ. "ನಿಮ್ಮಪ್ಪ ಇದ್ದಿದ್ರೆ…" ಎಂದ ಅತ್ತೆ, ಹುಡುಗಿ ಬಂದದ್ದರಿಂದ ಮಾತನ್ನು ಅಲ್ಲಿಗೇ ಬಿಟ್ಟರು.

ಪರವಾನಗಿ ನವೀಕರಣವಾಯಿತು. ಕಷ್ಟ ಬೇರೆ ಕಡೆಯಿಂದ ಬಂತು. ಪ್ರಯೋಗಾಲಯದ ತರಗತಿಗಳು ಬೆಳಿಗ್ಗೆ ಎಂಟಕ್ಕೆ. ಬೇಲೂರಿನಿಂದ ಮೊದಲ ಬಸ್ಸು ಹಿಡಿದು, ಹಳೇಬೀಡಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು ಅರಸೀಕೆರೆ ಮುಟ್ಟುವಾಗ ಒಂಬತ್ತು ಕಳೆದಿರುತ್ತಿತ್ತು. ಹಳೇಬೀಡಿನ ನಿಲ್ದಾಣದಲ್ಲಿ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಅವಳನ್ನು ಸುತ್ತುವರಿದು ಕೈ ಕುಲುಕುತ್ತಿದ್ದರಂತೆ, ನೋಟ್‌ಬುಕ್ ಚಾಚಿ ಸಹಿ ಕೇಳುತ್ತಿದ್ದರಂತೆ. ಮೊದಲ ವಾರ ಅವಳು ಅದನ್ನು ನಗುತ್ತಾ ಹೇಳಿದಳು. ಮೂರನೆಯ ವಾರಕ್ಕೆ ನಗು ನಿಂತಿತ್ತು. "ಬಸ್ಸಿನಲ್ಲಿ ಓದಲು ಆಗುತ್ತಿಲ್ಲ ಮೇಡಂ, ನಿದ್ದೆ ಬರುತ್ತದೆ" ಎಂದಳು. ತರಗತಿಯ ವೇಳೆ ಬದಲಿಸಲು ನಾನು ಮೇಷ್ಟರುಗಳನ್ನು ಬೇಡಿದೆ. ಇರುವುದು ಒಂದೇ ಪ್ರಯೋಗಾಲಯ, ಉಳಿದ ಹೊತ್ತು ಬೇರೆ ತರಗತಿಗಳಿಗೆ ಬೇಕು ಎಂದರು. ಅದು ಸುಳ್ಳೇನೂ ಆಗಿರಲಿಲ್ಲ.

ವರ್ಷದ ಕೊನೆಗೆ ಅವಳ ಹಾಜರಾತಿ ಸಾಲಲಿಲ್ಲ. ಪರೀಕ್ಷೆಗೆ ಕೂರಿಸಲಿಲ್ಲ. ಪ್ರತಿವರ್ಷ ತೇರ್ಗಡೆಯಾಗದವರಿಗೆ ವಿದ್ಯಾರ್ಥಿವೇತನ ಮುಂದುವರಿಯುತ್ತಿರಲಿಲ್ಲ. ವೇತನ ನಿಲ್ಲಿಸುವ ನಮೂನೆಯನ್ನು ತುಂಬಿ ಕಳಿಸಬೇಕಾದವಳು ನಾನೇ. "ಕಾರಣ" ಎಂಬಲ್ಲಿ "ಹಾಜರಾತಿಯ ಕೊರತೆ" ಎಂದು ಬರೆದೆ. ಕಾಗದದ ಮೇಲೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ರೈಲು ನಿಲ್ದಾಣಕ್ಕೆ ಅವಳನ್ನು ಬಿಡಲು ಹೋದೆ. ಅವಳು ನನ್ನನ್ನು ದೂರಲಿಲ್ಲ. ದೂರಲಿ ಎಂದೇ ಕಾಯುತ್ತಿದ್ದೆ. ಬೋಗಿಯ ಬಾಗಿಲಲ್ಲಿ ನಿಂತು, "ಆ ಸಂಜೆ ನೀವು ಅವರಿಗೆ ಹೇಳಿದ್ದು ನನಗೆ ಪೂರ್ತಿ ಅರ್ಥವಾಗಲಿಲ್ಲ ಮೇಡಂ. ಏನು ಹೇಳಿದಿರಿ?" ಎಂದು ಕೇಳಿದಳು. ನಾನು ಅವಳ ಚೀಲವನ್ನು ಎತ್ತಿ ಕೊಟ್ಟೆ. ರೈಲು ಹೊರಟಿತು.

ಮುಂದಿನ ಜುಲೈಯಲ್ಲಿ ಹೊಸ ತಂಡಕ್ಕೆ ಮನೆ ಹುಡುಕಲು ಹೊರಟಾಗ ಮಾಲೀಕರೊಬ್ಬರು ಟೈಪು ಮಾಡಿಸಿದ ಕರಾರುಪತ್ರವೊಂದನ್ನು ಕೊಟ್ಟರು. ಈಗ ಮಂಡಿಯ ಸುತ್ತಿನ ಓನರ್‌ಗಳೆಲ್ಲ ಇದನ್ನೇ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದಾರೆ ಎಂದರು. ವಾಕ್ಯಗಳು ನನ್ನವೇ, ಅಂಶಗಳ ಕ್ರಮವೂ ನನ್ನದೇ. ನಾಲ್ಕನೆಯದರಲ್ಲಿ ಮಾತ್ರ ಸಸ್ಯಾಹಾರವಲ್ಲದೆ ಬೇರೇನನ್ನೂ ಬೇಯಿಸತಕ್ಕದ್ದಲ್ಲ ಎಂದು ತಿದ್ದಿದ್ದರು. ಮೊದಲು ಆ ಬೀದಿಗಳಲ್ಲಿ ಹೀಗೆ ಬರೆದಿಟ್ಟುಕೊಂಡವರು ಯಾರೂ ಇರಲಿಲ್ಲ.

ಆ ಸಲ ಸುಡಾನಿನಿಂದ ಒಬ್ಬ ಹುಡುಗಿ ಬಂದಿದ್ದಳು. ನನ್ನ ಕೋಣೆಯಲ್ಲಿ ಸೂಟ್‌ಕೇಸಿನ ಪಕ್ಕ ಕುಳಿತು, ತಾನು ಎಲ್ಲಿರುವುದೆಂದು ಕೇಳಿದಳು. ನಾನು ಅವಳ ಪ್ರಯಾಣ ಹೇಗಾಯಿತೆಂದೂ ಕೇಳಲಿಲ್ಲ. ಮೊದಲು, "ನೀನು ಮೀನು, ಮಾಂಸ ತಿನ್ನುತ್ತೀಯಾ?" ಎಂದು ಕೇಳಿದೆ. ತಿನ್ನುತ್ತೇನೆ ಎಂದಳು. ಮನೆಯವರು ಕೇಳಿದರೆ ಇಲ್ಲವೆನ್ನಬೇಕು ಎಂದೆ, ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಕಲಿಸಿದೆ. ಉಚ್ಚಾರಣೆ ಸರಿಯಾಗುವವರೆಗೂ ಮತ್ತೆ ಮತ್ತೆ ಹೇಳಿಸಿದೆ.