ಹಳೆಯ ಗೇರಿನ ಸದ್ದು

ನಂಜನಗೂಡಿನ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಗೋಣಿಚೀಲ ಬಹಳ ದಿನ ಕೂತಿತ್ತು. ಅದರೊಳಗೆ ನಮ್ಮ ಲಾರಿಯ ಹಿಂದಿನ ಆಕ್ಸಲ್‌ನಿಂದ ಬಿಚ್ಚಿದ ಹಲ್ಲುಚಕ್ರಗಳಿದ್ದವು: ಊಟದ ತಟ್ಟೆಯಗಲದ ಕ್ರೌನ್ ಒಂದು, ಅದಕ್ಕೆ ಹಲ್ಲು ಕೊಟ್ಟು ತಿರುಗಿಸುವ ಚಿಕ್ಕ ಪಿನಿಯನ್ ಒಂದು. ನಮ್ಮ ಕಡೆಯ ಲಾರಿ ಮೇಸ್ತ್ರಿಗಳು ಬಿಚ್ಚಿದ ಹಳೆ ಸಾಮಾನನ್ನು ಮಾಲೀಕನ ಕೈಗೇ ಒಪ್ಪಿಸುತ್ತಾರೆ. ಹೊಸದನ್ನು ಹಾಕಿದ್ದಕ್ಕೆ ಅದೇ ಸಾಕ್ಷಿ. ಚೀಲದಿಂದ ಸೋರಿದ ಎಣ್ಣೆ ಕಲ್ಲಿನ ಬುಡದಲ್ಲಿ ಕಪ್ಪಗೆ ಹರಡಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ.

ನನ್ನ ಮೈದುನ ತೀರಿಕೊಂಡ ಮೇಲೆ ನನ್ನ ಗಂಡ ಆ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂರುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. "ಇವನ್ನ ವಾಪಸ್ ಹಾಕಿಸ್ದೆ ನಾನು ಆ ಗಾಡಿ ಮುಟ್ಟಾಕಿಲ್ಲ" ಎಂದುಬಿಟ್ಟಿದ್ದರು. ನಮ್ಮ ಮನೆ, ನರಸೀಪುರದಲ್ಲಿದ್ದ ಮೈದುನನ ಮನೆ, ಎರಡೂ ನಡೆಯುತ್ತಿದ್ದದ್ದು ಆ ಒಂದು ಗಾಡಿಯಿಂದಲೇ.

ಅಣ್ಣ ತಮ್ಮ ಇಬ್ಬರೂ ಸರದಿಯಲ್ಲಿ ಓಡಿಸುತ್ತಿದ್ದರು. ದೂರದ ಲೋಡಾದರೆ ಒಟ್ಟಿಗೆ ಹೋಗುತ್ತಿದ್ದರು. ಸ್ಪೀಡು ತೋರಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷವಾಗಿತ್ತು. ಅದನ್ನು ಸರಿಮಾಡಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಗಾಡಿ ಎಷ್ಟು ಜೋರಾಗಿ ಓಡುತ್ತಿದೆ ಎಂಬುದನ್ನು ಇಬ್ಬರೂ ಎಂಜಿನ್ನಿನ ಸದ್ದಿನಿಂದಲೇ ತಿಳಿಯುತ್ತಿದ್ದರು. ಅವರನ್ನು ಅಂದು ಏನು ಬಂತು, ನಾವು ಹೆಂಗಸರೂ ಹಾಗೆಯೇ ಇದ್ದೆವು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹಾರ್ಮೋನಿಯಂನ ಒಂದು ಮನೆ ಒತ್ತಿ, ಕಣ್ಣು ಮುಚ್ಚಿಕೊಂಡು ಅದೇ ಸ್ವರ ಹಿಡಿಯಿರಿ ಅನ್ನುತ್ತಿದ್ದರು. ಆ ಅಭ್ಯಾಸ ನನಗೆ ಉಪಯೋಗಕ್ಕೆ ಬಂದದ್ದು ಲಾರಿಗೆ. ಗಾಡಿ ಕಪಿಲೆಯ ಸೇತುವೆ ದಾಟಿ ನಮ್ಮ ಬೀದಿಯ ಏರಿಗೆ ಬಂದು ಗೇರು ಇಳಿಸುವಾಗ ಹೊರಡುತ್ತಿದ್ದ ಒಂದು ನರಳಿಕೆಯನ್ನು ಸಾವಿರ ಲಾರಿಗಳ ನಡುವೆ ಗುರುತಿಸಬಲ್ಲವಳಾಗಿದ್ದೆ. ಅದು ಕೇಳಿಸಿದ ಮೇಲೆ ಸಾರು ಬಿಸಿಗಿಡುತ್ತಿದ್ದೆ. ಅಲ್ಲಿಯತನಕ ಒಲೆಯ ಮುಂದೆ ನಿಂತಿದ್ದರೂ ಮನಸ್ಸು ಇನ್ನೆಲ್ಲೋ ರಸ್ತೆಯ ಮೇಲಿರುತ್ತಿತ್ತು.

ನರಸೀಪುರದಲ್ಲಿ ನನ್ನ ಓರಗಿತ್ತಿಗೆ ಆ ಸದ್ದಿನಿಂದ ಬೇರೆಯದೇ ಕೆಲಸವಿತ್ತು. ಅವರ ಗಲ್ಲಿ ಒಂದು ಲಾರಿ ಹಿಡಿಸುವಷ್ಟೇ ಅಗಲ. ಅದರ ಕೊನೆಯ ಖಾಲಿ ಸೈಟಿನಲ್ಲಿ ನಮ್ಮ ಗಾಡಿ ನಿಲ್ಲುತ್ತಿತ್ತು. ಅವಳು ಬಟ್ಟೆ ಒಣಹಾಕುತ್ತಿದ್ದ ಹಗ್ಗ ಗಲ್ಲಿಗೆ ಅಡ್ಡವಾಗಿ, ಅವರ ಕಿಟಕಿಯ ಸರಳಿನಿಂದ ಎದುರುಮನೆಯ ಮೊಳೆಗೆ. ಗಾಡಿ ಮೂಲೆಯಲ್ಲಿ ತಿರುಗುವ ಸದ್ದು ಕೇಳಿದೊಡನೆ ಓಡಿಬಂದು ಹಗ್ಗ ಬಿಚ್ಚಿ, ಒದ್ದೆ ಬಟ್ಟೆಗಳನ್ನು ಹೆಗಲ ಮೇಲೆ ಹೊತ್ತು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಲಾರಿ ಅವಳ ಮೂಗಿನ ಮುಂದೆಯೇ ಹಾದು ಹೋಗುವಾಗ ಮೈದುನ ಸ್ಟೀರಿಂಗ್ ಬಿಟ್ಟು ಅವಳಿಗೊಂದು ಸಲಾಮು ಹೊಡೆಯುತ್ತಿದ್ದ.

ಹಿಂದಿನ ಆಕ್ಸಲ್ಲಿನ ಗೇರಿನ ಜೋಡಿ ಬದಲಿಸುವ ಯೋಚನೆ ಬಂದದ್ದು ಬೆಂಗಳೂರಿಗೆ ಅಕ್ಕಿ ಲೋಡು ಸಿಗಲು ಶುರುವಾದ ಮೇಲೆ. ನಮ್ಮ ಗಾಡಿಯಲ್ಲಿದ್ದದ್ದು ಕೇರಳದ ಘಾಟಿಗೆಂದು ಹಾಕಿಸಿದ್ದ ಗೇರು. ಭಾರ ಚೆನ್ನಾಗಿ ಎಳೆಯುತ್ತಿತ್ತು, ಆದರೆ ನೆಟ್ಟನೆಯ ರಸ್ತೆಯಲ್ಲಿ ಓಡುತ್ತಿರಲಿಲ್ಲ.

"ಅಣ್ಣ, ಬೆಂಗ್ಳೂರ್ ರೋಡ್‌ಗೆ ಈ ಘಾಟಿ ಗೇರ್ ಇಟ್ಕಂಡ್ ಓಡ್ಸೋದು, ಓಟದ ಪಂದ್ಯಕ್ಕೆ ಗದ್ದೆ ಕೋಣ ಇಳಿಸ್ದಂಗೆ ಕಣಣ್ಣ" ಎಂದ ಮೈದುನ, ನಮ್ಮ ಪಡಸಾಲೆಯಲ್ಲಿ ಕಾಫಿ ಆರಿಸಿಕೊಳ್ಳುತ್ತ. "ಬಡ್ಕೋತದೆ, ಡೀಸೆಲ್ ಕುಡೀತದೆ, ಮುಂದಕ್ ಮಾತ್ರ ಓಗಲ್ಲ."

"ಕೋಣ ಅಂದ್ರೆ ಯಾರ್ಲಾ? ಗಾಡಿನಾ, ನಾನಾ?" ಎಂದರು ನನ್ನ ಗಂಡ.

"ಅದ್ನ ಅತ್ತಿಗೇನೇ ಏಳ್ಲಿ."

ನಾನು ನಗುತ್ತ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಲೇ ಇದ್ದೆ. ಅವನು ಹೀಗೆಯೇ, ಕಾಫಿ ಮುಗಿಯುವುದರೊಳಗೆ ಅಣ್ಣನನ್ನು ಒಪ್ಪಿಸಿಬಿಡುತ್ತಿದ್ದ.

ನರಸೀಪುರದ ಮೇಸ್ತ್ರಿಯ ಶೆಡ್ಡಿಗೆ ನಾನೂ ಹೋಗಿದ್ದೆ, ಓರಗಿತ್ತಿಯ ಮನೆಗೆ ಹೋಗುವ ನೆಪದಲ್ಲಿ. ಲಾರಿಯ ಹಿಂಭಾಗ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಮೇಸ್ತ್ರಿ ಹೊಸ ಹಲ್ಲುಗಳಿಗೆ ಬಣ್ಣ ಸವರಿ, ಕೈಯಿಂದ ಮೆಲ್ಲಗೆ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ಎಂದು ಬಗ್ಗಿ ನೋಡುತ್ತಿದ್ದರು. ಹಲ್ಲು ಹಲ್ಲಿನ ನಡುಮಧ್ಯಕ್ಕೆ ಒತ್ತಬೇಕಂತೆ. ಅಂಚಿಗೆ ಒತ್ತಿದರೆ ಮತ್ತೆ ಬಿಚ್ಚಬೇಕಂತೆ.

"ನೋಡಿ ತಾಯಿ, ಹಳೇ ಜೋಡೀಲಿ ಚಕ್ರ ಒಂದ್ ಸುತ್ತು ಸುತ್ತಕ್ಕೆ ಎಂಜಿನ್ನು ಜಾಸ್ತಿ ತಿರುಗ್ಬೇಕಾಗಿತ್ತು. ಇದ್ರಲ್ಲಿ ಕಮ್ಮಿ ತಿರುಗಿದ್ರೆ ಸಾಕು. ಡೀಸೆಲ್ ಉಳೀತದೆ" ಎಂದರು ನನಗೆ. ಆಮೇಲೆ ಅಣ್ಣ ತಮ್ಮಂದಿರ ಕಡೆ ತಿರುಗಿ, "ಆದ್ರೆ ಎಳೆಯೋ ಬಲ ಕಮ್ಮಿ ಆಯ್ತದೆ. ಇಳಿಜಾರಲ್ಲಿ ಎಂಜಿನ್ನು ಗಾಡೀನ ಹಿಡ್ಕೊಳ್ಳೋದೂ ಕಮ್ಮಿ. ಲೋಡ್ ಆಕ್ಕೊಂಡು ಘಾಟಿ ಇಳಿಯಂಗಿದ್ರೆ ಮಾಮೂಲಿಗಿಂತ ಒಂದು ಗೇರ್ ಕೆಳಗೇ ಇರ್ಬೇಕು. ಮರೀಬೇಡ್ರಪ್ಪ" ಎಂದರು.

"ಘಾಟಿಗೆ ಇನ್ ಯಾರ್ ಓಯ್ತಾರೆ ಬುಡಿ ಮೇಸ್ತ್ರಿ" ಎಂದ ಮೈದುನ.

ಗಾಡಿ ಹಗುರಾಗಿ ಓಡತೊಡಗಿತು. ಡೀಸೆಲ್ ಉಳಿಯಿತು, ನನ್ನ ಗಂಡ ಮನೆಗೆ ಬಂದಾಗ ಅವರ ಮುಖದಲ್ಲಿ ಮೊದಲಿನ ದಣಿವು ಇರುತ್ತಿರಲಿಲ್ಲ. ಬದಲಾದದ್ದು ಸದ್ದು. ನಮ್ಮ ಏರು ಹತ್ತುವಾಗ ಸ್ವರ ಕೆಳಗೆ ಇಳಿದುಹೋಗಿತ್ತು, ಬೇರೆ ಯಾರದೋ ಗಾಡಿ ಎನ್ನುವ ಹಾಗೆ. ಅವರು ಬಾಗಿಲಿಗೆ ಬಂದು ನಿಂತಿರುತ್ತಿದ್ದರು, ನನ್ನ ಸಾರು ತಣ್ಣಗಿರುತ್ತಿತ್ತು. ನರಸೀಪುರದಲ್ಲಂತೂ ಓರಗಿತ್ತಿಗೆ ಗಾಡಿ ಬಂದದ್ದೇ ಗೊತ್ತಾಗದೆ ಹಗ್ಗ ಹರಿದು, ಮೈದುನನ ಲುಂಗಿ, ಬನಿಯನ್ನು ಲಾರಿಯ ತಲೆಯ ಮೇಲೇರಿಬಿಟ್ಟವು.

"ಕಳ್ರಂಗೆ ಬತ್ತೀರಲ್ಲ, ಒಂದ್ ಸದ್ದಿಲ್ಲ ಗಿದ್ದಿಲ್ಲ!" ಎಂದು ಅವಳು ಬೈದಳಂತೆ.

"ನಿನ್ ಗಂಡ ಈಗ ಬೆಕ್ಕಿನಂಗೆ ಬರೋ ಗಾಡಿ ಓಡಿಸ್ತಾವ್ನೆ, ಕಿವಿ ಚೂಪು ಮಾಡ್ಕೊ" ಎಂದನಂತೆ ಅವನು. ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಬೆಂಗಳೂರಿನ ಲೋಡು ಸ್ವಲ್ಪ ದಿನ ನಿಂತಾಗ, ಓಣಂ ಹೊತ್ತಿಗೆ ಕೇರಳಕ್ಕೆ ಒಂದು ಟ್ರಿಪ್ ಅಕ್ಕಿ ಎಂದು ಮಿಲ್ಲಿನವರು ಕರೆದರು. ಒಂದೇ ಟ್ರಿಪ್ ತಾನೆ ಎಂದುಕೊಂಡು ಇಬ್ಬರೂ ಬೆಳಿಗ್ಗೆ ಹೊರಟರು. ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟೆ. ಮೈದುನ ನಿಂಬೆಹುಳಿ ಕಮ್ಮಿ ಹಾಕಿದ್ದೀರಾ ಅತ್ತಿಗೆ ಎಂದು ಗಾಡಿಯೊಳಗಿನಿಂದಲೇ ಕೂಗಿ ಕೇಳಿದ.

ಆಮೇಲಿನದನ್ನು ನನ್ನ ಗಂಡ ಆಸ್ಪತ್ರೆಯಲ್ಲಿ, ಭುಜಕ್ಕೆ ಕಟ್ಟು ಹಾಕಿಸಿಕೊಂಡು ಮಲಗಿದ್ದಾಗ, ತುಂಡು ತುಂಡಾಗಿ ಹೇಳಿದರು. ಮೇಸ್ತ್ರಿ ಹೇಳಿದ್ದು ಅವರಿಗೆ ಮರೆತಿರಲಿಲ್ಲ. ವಯನಾಡು ದಾಟಿ ಘಾಟಿ ಇಳಿಯಲು ಶುರುಮಾಡಿದಾಗ ಮೈದುನ ಒಂದು ಗೇರು ಕೆಳಗೇ ಇಟ್ಟಿದ್ದ. ಎಂಜಿನ್ನು ಕಿರುಚುತ್ತಿತ್ತು. ಹಿಂದಿನ ಗಾಡಿಗಳವರು ಹಾರ್ನ್ ಹೊಡೆದು ಹೊಡೆದು ಪ್ರಾಣ ತೆಗೆಯುತ್ತಿದ್ದರು. ಎರಡು ತಿರುವು ಆದ ಮೇಲೆ ಅವನು ಎಂದಿನ ಗೇರಿಗೆ ಹಾಕಿದ. ಸದ್ದು ಇಳಿದು, ಸ್ವಲ್ಪ ಹೊತ್ತಿಗೆ ಸಮವಾಗಿ ನಿಂತಿತು.

"ಅದೇ ಸದ್ದು ಕಣೇ. ಯಾವಾಗ್ಲೂ ನಾವು ಆ ಘಾಟಿ ಇಳೀತಿದ್ದ ಸದ್ದು" ಎಂದರು. "ಅಣ್ಣ, ಈಗ ಸರೀನಾ ಅಂದ. ನಾನೂ ಕಿವಿ ಕೊಟ್ ಕೇಳ್ದೆ. ಸರಿಯಾಗೈತೆ ಓಡ್ಸು ಅಂದೆ."

ಸದ್ದು ಹಳೆಯದೇ. ಹೊಸ ಗೇರಿನಲ್ಲಿ ಅದೇ ಸದ್ದಿಗೆ ಚಕ್ರಗಳು ಇನ್ನೂ ಜೋರಾಗಿ ಓಡುತ್ತವೆ. ಬ್ರೇಕು ಸುಟ್ಟ ವಾಸನೆ ಬಂದಾಗ ತಡವಾಗಿತ್ತು. ತಿರುವಿನಲ್ಲಿ ಜನ ತುಂಬಿದ ಬಸ್ಸೊಂದು ಎದುರಿಗೆ ಬಂತು. ಮೈದುನ ಅದನ್ನು ತಪ್ಪಿಸಿ ಗಾಡಿಯನ್ನು ಗುಡ್ಡಕ್ಕೆ ಹೊಡೆಸಿದ. ಗುಡ್ಡಕ್ಕೆ ತಾಗಿದ್ದು ಅವನಿದ್ದ ಬದಿ.

ಗಾಡಿಯ ಮುಂಭಾಗ ಹೊಸದಾಗಿ ಕಟ್ಟಿ ಬರುವುದಕ್ಕೆ ತಿಂಗಳುಗಳೇ ಹಿಡಿದವು. ನನ್ನ ಗಂಡನ ಭುಜ ಅದಕ್ಕೂ ಮೊದಲೇ ಕೂಡಿಕೊಂಡಿತು. ಆದರೆ ಅವರು ಗಾಡಿ ಹತ್ತಲಿಲ್ಲ. ಹಿತ್ತಲಿನ ಚೀಲ, ಕುಕ್ಕರಗಾಲು, ಅದೇ ಮಾತು. ಕೊನೆಗೆ ಒಂದು ಬೆಳಿಗ್ಗೆ ಚೀಲವನ್ನು ಆಟೋಗೆ ಹಾಕಿಸಿಕೊಂಡು ನಾವಿಬ್ಬರೂ ನರಸೀಪುರಕ್ಕೆ ಹೋದೆವು. ಗಾಡಿ ಮೇಸ್ತ್ರಿಯ ಶೆಡ್ಡಿನಲ್ಲೇ ಇತ್ತು.

ಮೇಸ್ತ್ರಿ ಚೀಲ ಬಿಚ್ಚಿ, ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು. "ಗೇರೇನ್ ಮಾಡ್ತು ಯಜಮಾನ್ರೇ? ಇದು ಸವೆದೋಗಿರೋ ಜೋಡಿ. ಕೂಗ್ತದೆ."

"ಕೂಗ್ಲಿ" ಎಂದರು ನನ್ನ ಗಂಡ.

ಮತ್ತೆ ದಿಮ್ಮಿಗಳು, ಮತ್ತೆ ಬಣ್ಣ ಸವರುವುದು. ನಾನು ಒಂದು ಹಳೆ ಟೈರಿನ ಮೇಲೆ ಕೂತಿದ್ದೆ. ಮುಗಿದ ಮೇಲೆ ನನ್ನ ಗಂಡ ಗಾಡಿ ಸ್ಟಾರ್ಟ್ ಮಾಡಿದರು. ಅವರು ಸ್ಟೀರಿಂಗ್ ಮುಂದೆ ಕೂತು ಬಹಳ ದಿನವಾಗಿತ್ತು. ನಾನು ಎಡಗಡೆಯ ಸೀಟಿಗೆ ಹತ್ತಿದೆ. ಓರಗಿತ್ತಿ ತವರಿಗೆ ಹೋಗದೆ ಆ ಮನೆಯಲ್ಲೇ ಉಳಿದಿದ್ದಳು. ನಾವು ಬರುವುದನ್ನು ಅವಳಿಗೆ ತಿಳಿಸಿರಲಿಲ್ಲ. "ಗಾಡಿ ಮೇನ್ ರೋಡಲ್ಲೇ ನಿಲ್ಸಿ, ನಡ್ಕಂಡ್ ಓಗಿ ಮಾತಾಡ್ಸ್ಕೊಂಡ್ ಬರಣ" ಎಂದಿದ್ದರು.

ಆದರೆ ಆ ಮೂಲೆ ಬಂದಾಗ ಅವರ ಕೈ ತಾನಾಗಿಯೇ ಗಲ್ಲಿಯ ಕಡೆ ತಿರುಗಿಸಿತು. ಗೇರು ಇಳಿಯಿತು. ಆ ನರಳಿಕೆ ಎದ್ದಿತು, ನಾನು ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ್ದ ಅದೇ ಸ್ವರ, ಅಷ್ಟೇ ಎತ್ತರದಲ್ಲಿ.

ಹಗ್ಗ ಇರಲಿಲ್ಲ. ಬಿಚ್ಚಿಯಾಗಿತ್ತು. ಓರಗಿತ್ತಿ ಒದ್ದೆ ಸೀರೆ, ಟವೆಲುಗಳನ್ನು ಹೆಗಲ ಮೇಲೆ ಹೊತ್ತು, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. ಓಡಿಬಂದಿದ್ದರಿಂದ ಏದುಸಿರು ಬಿಡುತ್ತಿದ್ದಳು; ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಮುಖ ಮೇಲೆತ್ತಿ ಡ್ರೈವರ್ ಕಿಟಕಿಯನ್ನೇ ನೋಡುತ್ತಿದ್ದಳು, ಸಲಾಮಿಗೆ ಕಾಯುವವಳ ಹಾಗೆ.

ನನ್ನ ಗಂಡ ಬ್ರೇಕ್ ಒತ್ತಿದರು. ಎಂಜಿನ್ನು ಮಾತ್ರ ಕೂಗುತ್ತಲೇ ಇತ್ತು. ಅವರ ಕೈ ಸ್ಟೀರಿಂಗನ್ನು ಬಿಡಲಿಲ್ಲ.

ಅವಳು ಮೊದಲು ಅವರನ್ನು ನೋಡಿದಳು, ಆಮೇಲೆ ನನ್ನನ್ನು. ಹೆಗಲ ಮೇಲಿನ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವಳ ರವಿಕೆಯ ತೋಳು ನೆನೆದಿತ್ತು.

"ಆಫ್ ಮಾಡಿ ಭಾವ" ಎಂದಳು. "ಕೇಳಾಕಾಗಾಕಿಲ್ಲ."

ಈಗ ನನ್ನ ಗಂಡ ಮತ್ತೆ ದುಡಿಯುತ್ತಿದ್ದಾರೆ, ಸುತ್ತಮುತ್ತಲಿನ ಭತ್ತ, ಅಕ್ಕಿಯ ಲೋಡುಗಳಷ್ಟೇ. ಡೀಸೆಲ್ ಹೆಚ್ಚು ಕುಡಿಯುತ್ತದೆ. ಸೇತುವೆ ದಾಟಿ ಏರು ಹತ್ತುವ ಸದ್ದು ಕೇಳಿದಾಗ ನಾನು ಸಾರು ಬಿಸಿಗಿಡುತ್ತೇನೆ. ನರಸೀಪುರದ ಮಿಲ್ಲಿಗೆ ಹೋಗಬೇಕಾದಾಗ ಅವರು ಊರನ್ನು ಬಳಸಿಕೊಂಡು ಹೊರಗಿನ ರಸ್ತೆಯಲ್ಲಿ ಹೋಗುತ್ತಾರೆ, ಆ ಗಲ್ಲಿಗೆ ಸದ್ದು ಮುಟ್ಟದಷ್ಟು ದೂರದಿಂದ.