ಮಿಕ್ಸಿಂಗ್ ಖಾಜಾಸಾಬರ ಕಿವಿ

ಖಾಜಾಸಾಬರ ಹೆಡ್‌ಫೋನ್ ಸದಾ ಕೊರಳಲ್ಲೇ ಇರುತ್ತಿತ್ತು. ಚಹಾ ಕುಡಿಯುವಾಗ, ನಮಾಜಿಗೆಂದು ಮೆಟ್ಟಿಲಿಳಿಯುವಾಗ, ಗಿರಾಕಿಯ ಜೊತೆ ವಾದಕ್ಕೆ ನಿಂತಾಗ, ಯಾವಾಗ ನೋಡಿದರೂ ಅಲ್ಲೇ. ಕಿವಿಗೆ ಏರಿದ್ದು ಮಾತ್ರ ಅಪರೂಪ. ಮದುವೆ ವಿಡಿಯೋಗಳ ಧ್ವನಿ ಸರಿಮಾಡಿ ಹೊಟ್ಟೆ ಹೊರೆಯುವ ಈ ಮನುಷ್ಯ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಾಗಿ, ಅಲ್ಲಿ ಹಸಿರು ಬಣ್ಣದಲ್ಲಿ ಏರಿಳಿಯುವ ಧ್ವನಿಯ ಗೆರೆಯನ್ನೇ ನೋಡುತ್ತಾ ಕೂತಿರುತ್ತಿದ್ದರು. "ಆವಾಜ ಕಣ್ಣಿಗೂ ಕಾಣಸ್ತೈತ್ರೀ" ಎಂದು ಯಾರೂ ಕೇಳದೆಯೇ ಹೇಳುತ್ತಿದ್ದರು. ಕಸುಬಿನವರ ಜಂಬ ಇದ್ದದ್ದೇ ಅಂದುಕೊಂಡಿದ್ದೆ.

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗೊಬ್ಬರದಂಗಡಿಯೊಂದಿತ್ತು. ಅದರ ಮೇಲಿನ ಕೋಣೆ ಖಾಜಾಸಾಬರದು. ಬೋರ್ಡಿನ ಮೇಲೆ 'ವಿಡಿಯೋ ಮಿಕ್ಸಿಂಗ್' ಎಂದಿತ್ತು. ನಮ್ಮ ಕಡೆ ಎಡಿಟಿಂಗ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಮಿಕ್ಸಿಂಗ್ ಎನ್ನಬೇಕು. ಭತ್ತಕ್ಕೆ ಹೊಡೆಯುವ ಕ್ರಿಮಿನಾಶಕ ಎಣ್ಣೆಯ ವಾಸನೆ ಕೆಳಗಿನಿಂದ ಮೆಟ್ಟಿಲ ತನಕ ಬರುತ್ತಿತ್ತು. ಕೋಣೆಯೊಳಗೆ ಊದಿನಕಡ್ಡಿ ಹಚ್ಚಿ ಅದನ್ನು ಓಡಿಸಲು ನೋಡುತ್ತಿದ್ದರು. ಎರಡೂ ಕೂಡಿ ಮೂರನೆಯದೊಂದು ವಾಸನೆಯಾಗುತ್ತಿತ್ತೇ ಹೊರತು ಯಾವುದೂ ಓಡುತ್ತಿರಲಿಲ್ಲ.

ನಾನು ಅಲ್ಲಿಗೆ ಮೊದಲು ಹೋದದ್ದು ಜಗಳಕ್ಕೆ. ತಂಗಿ ಸುಜಾತಾಳ ಮದುವೆ ಆಗಿ ತಿಂಗಳಾಗಿತ್ತು. ನಮ್ಮದು ಬೌದ್ಧ ಮನೆತನ. ಬ್ಯಾಂಡಿಲ್ಲ, ಅಕ್ಷತೆಯ ಗದ್ದಲವಿಲ್ಲ. ಬುದ್ಧವಂದನೆಯಾದ ಮೇಲೆ ವಧು ವರರು ಎದುರುಬದುರು ನಿಂತು ತಮ್ಮ ತಮ್ಮ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಸುಜಾತಾ ಲಿಂಗಸುಗೂರಿನಲ್ಲಿ ನರ್ಸ್. ಡ್ಯೂಟಿಯ ನಡುವೆ ವಾರವಿಡೀ ಕೂತು ತನ್ನ ಮಾತನ್ನು ತಾನೇ ಬರೆದಿದ್ದಳು. ಮನೆಯವರೆಲ್ಲ ಟಿವಿ ಮುಂದೆ ಕೂತು ವಿಡಿಯೋ ಹಚ್ಚಿದರೆ, ಅವಳ ತುಟಿ ಅಲ್ಲಾಡುತ್ತಿವೆ, ಕೇಳುತ್ತಿರುವುದು ಮಾತ್ರ ಶಹನಾಯಿ, ಅದರ ಬೆನ್ನಿಗೆ ಯಾವುದೋ ಸಿನೆಮಾ ಹಾಡು! ಅಪ್ಪ ಎದ್ದು ಟಿವಿ ಬಂದ್ ಮಾಡಿದರು. ನನಗೆ ತಡೆಯಲಾಗಲಿಲ್ಲ. ಮರುದಿನ ಜವಳಗೇರಾದ ಶಾಲೆಯಲ್ಲಿ ಪಾಠ ಮುಗಿಸಿ, ಬಸ್ಸಿಳಿದು ನೆಟ್ಟಗೆ ಗೊಬ್ಬರದಂಗಡಿಯ ಮೆಟ್ಟಿಲು ಹತ್ತಿದೆ.

"ನಮ್ಮ ತಂಗಿ ಮಾತಾಡಾಕತ್ತಿದ್ರ ಅದರ ಮ್ಯಾಲೆ ಹಾಡು ಹಾಕೀರಲ್ಲ, ಮದುವಿ ನಿಮ್ಮದೋ ನಮ್ಮದೋ?"

ಅವರು ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ತಮ್ಮ ಎಡಕ್ಕಿದ್ದ ಸ್ಟೂಲು ತೋರಿಸಿ, "ಈ ಕಡಿ ಕುಂದರ್ರಿ, ಈಗ ಹೇಳ್ರಿ" ಅಂದರು. ಎಲ್ಲ ಇನ್ನೊಮ್ಮೆ ಹೇಳಿದೆ. ಮನುಷ್ಯ ಸಿಟ್ಟಾಗಲಿಲ್ಲ.

"ಇಷ್ಟು ವರ್ಷದಾಗ ಮದುವ್ಯಾಗ ಯಾರರ ಮಾತಾಡಿದ್ದು ನಾ ನೋಡಿಲ್ರಿ. ಬ್ಯಾಂಡು, ಮೈಕಿನ್ಯಾಗ ಊಟಕ್ಕ ಕರಿಯೋದು, ಹುಡುಗರ ಕೇಕಿ, ಇಷ್ಟ. ಅದಕ್ಕ ಮದುವಿ ಬಂತಂದ್ರ ಮೊದಲ ಆವಾಜ ತಗದು ಒಗೀತೀನಿ, ಆಮ್ಯಾಲೆ ಹಾಡು ಹಚ್ತೀನಿ. ನಿಮ್ಮದು ಮಾತಿನ ಮದುವಿ ಅಂತ ನನಗ್ಯಾರೂ ಹೇಳಿಲ್ಲ. ತಪ್ಪಾತು."

ಮೂಲ ಫೈಲು ಅವರಲ್ಲಿತ್ತು. ಹಾಡು ತೆಗೆದು ಮಾತನ್ನು ತಂದು ಕೂರಿಸಿದರೆ ಇನ್ನೊಂದು ತಾಪತ್ರಯ. ಮೊದಲು ತುಟಿಗೂ ಮಾತಿಗೂ ಹೊಂದಿಕೆಯಿದ್ದು, ಹೋಗುತ್ತಾ ಹೋಗುತ್ತಾ ತುಟಿ ಹಿಂದೆ ಬಿದ್ದು ಮಾತು ಮುಂದೆ ಓಡಿತು. "ಇದು ಮೊಬೈಲ್ದಾಗ ತಗದದ್ದು. ಮೊಬೈಲು ಒಂದ ನಡಿಗಿ ನಡಿಯಂಗಿಲ್ಲ, ಒಮ್ಮಿ ಜಲ್ದಿ ಒಮ್ಮಿ ಸಾವಕಾಶ. ಮೊದಲು ಅದಕ್ಕ ಒಂದ ನಡಿಗಿ ಕಲಿಸಬೇಕು, ಆಮ್ಯಾಲೆ ಕತ್ತರಿ ಹಾಕಬೇಕು" ಎಂದು ಫೈಲನ್ನು ಒಂದೇ ವೇಗಕ್ಕೆ ಬದಲಿಸಲು ಹಚ್ಚಿದರು. ಆಮೇಲೆ ಸುಜಾತಾಳ ತುಟಿ ಕೂಡುವ, ಬಿಡುವ ಜಾಗವನ್ನು ಒಂದೊಂದಾಗಿ ಹಿಡಿದು ಹಸಿರು ಗೆರೆಯ ಉಬ್ಬುತಗ್ಗಿಗೆ ಹೊಂದಿಸಿದರು. ಮುಗಿದಾಗ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನಿಮ್ಮ ತಂಗಿ ಚಲೋ ಹೇಳ್ಯಾಳ್ರಿ. ನೌಕರಿ ಬಿಡಂಗಿಲ್ಲ ಅಂದಾಗ ಹುಡುಗ ಹೂಂ ಅಂತ ತಲಿ ಹಾಕ್ಯಾನ. ಅದನ್ನ ಕಟ್ ಮಾಡಿಲ್ಲ, ಮುಂದ ಬೇಕಾಗ್ತೈತಿ" ಎಂದು ಪೆನ್‌ಡ್ರೈವ್ ಕೈಗಿಟ್ಟರು. ಜಗಳಕ್ಕೆ ಹೋದವಳು ನಗುತ್ತಾ ಮೆಟ್ಟಿಲಿಳಿದೆ.

ಅಲ್ಲಿಂದ ನಾನು ಅವರ ಶಿಷ್ಯಳಾದೆ. ಮನೆಯಲ್ಲೊಂದು ಹಳೆಯ ಕಂಪ್ಯೂಟರಿತ್ತು. ಮಕ್ಕಳ ಹುಟ್ಟುಹಬ್ಬ, ಶಾಲೆಯ ಗ್ಯಾದರಿಂಗು, ಅಪ್ಪನ ಅರವತ್ತು, ಎಲ್ಲವನ್ನೂ ನಾನೇ ಕತ್ತರಿಸಿ ಜೋಡಿಸುತ್ತೇನೆಂದು ಹಟ ಹಿಡಿದೆ. ವಾರವಿಡೀ ಕೆಡಿಸುವುದು, ಭಾನುವಾರ ಮೆಟ್ಟಿಲು ಹತ್ತುವುದು. ಒಂದು ಸಲ ಹುಟ್ಟುಹಬ್ಬದ ವಿಡಿಯೋಗೆ ಧ್ವನಿಯೇ ಇಲ್ಲವೆಂದು ಮೂರು ದಿನ ಒದ್ದಾಡಿ, ಸ್ಪೀಕರನ್ನೇ ಬಿಚ್ಚಿ ಹರವಿಕೊಂಡು, ಕೊನೆಗೆ ಅವರಲ್ಲಿಗೆ ಹೋದೆ.

"ಬ್ಯಾರೇ ಯಾವದರ ವಿಡಿಯೋ ಹಚ್ಚಿ ನೋಡಿದ್ರೇನು?"

"ಇಲ್ಲ."

"ಮನ್ಯಾಗ ಲೈಟ್ ಹತ್ತಲಿಲ್ಲಂದ್ರ ಮೊದಲ ಹೊರಗ ಬಂದು ಓಣ್ಯಾಗ ಕರೆಂಟ್ ಐತೋ ಇಲ್ಲೋ ನೋಡ್ತೀರಿಲ್ಲ? ಇದೂ ಹಂಗ. ಬ್ಯಾರೇದು ಕೇಳಸ್ತು ಅಂದ್ರ ಸ್ಪೀಕರ್ ಪಾಪದ್ದು, ಅದನ್ನ ಬಿಚ್ಚಬ್ಯಾಡ್ರಿ."

ಆ ಧ್ವನಿಯ ಸಾಲನ್ನು ನಾನೇ ಮ್ಯೂಟ್ ಮಾಡಿ ಮರೆತಿದ್ದೆ. ಅವರು ಮೇಜು ಬಡಿದು ನಕ್ಕರು. ಚಿತ್ರ ತಡೆತಡೆದು ಓಡುತ್ತಿದೆ, ಫೈಲು ಹಾಳಾಯಿತು ಎಂದು ನಾನು ಗೋಳಾಡಿದರೆ, "ಫೈಲ್ ಸತ್ತಿಲ್ರಿ, ನಿಮ್ಮ ಕಂಪ್ಯೂಟರಿಗೆ ದಮ್ಮು ಹತ್ತೈತಿ. ಸಣ್ಣ ನಕಲು ಮಾಡಿ ಅದರ ಮ್ಯಾಲೆ ಕೆಲಸ ಮಾಡ್ರಿ, ಕಡೀಕ ದೊಡ್ಡದನ್ನ ಜೋಡಸ್ರಿ" ಎನ್ನುತ್ತಿದ್ದರು. ಧ್ವನಿ ಹೆಚ್ಚಾಗಿ ಮೀಟರಿನ ಕೆಂಪು ಹತ್ತಿದ ಫೈಲನ್ನಂತೂ ಮುಟ್ಟುತ್ತಲೇ ಇರಲಿಲ್ಲ. "ಇದು ಕರಕಾದ ರೊಟ್ಟಿರಿ. ಎಷ್ಟು ಕೆರದ್ರೂ ವಾಸನಿ ಹೋಗಂಗಿಲ್ಲ. ರೆಕಾರ್ಡ್ ಮಾಡೋ ಮುಂದ ಸಣ್ಣ ಉರಿ ಇಡ್ರಿ."

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಇಟ್ಟಿದ್ದರು. "ಒಮ್ಮಿ ಕಣ್ಣು ಮುಚ್ಚಿ ಕೇಳ್ರಿ, ಒಮ್ಮಿ ಕಿವಿ ಮುಚ್ಚಿ ನೋಡ್ರಿ. ಎಲ್ಡೂ ಬರೋಬ್ಬರಿ ಆದ್ರ ಕೊಡ್ರಿ." ಇದರಲ್ಲಿ ಮೊದಲನೆಯದನ್ನು ಅವರು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕಂಡಿಲ್ಲ ಎಂಬುದೂ ನನಗೆ ಹೊಳೆದಿರಲಿಲ್ಲ. ಮಕ್ಕಳ ಪರೀಕ್ಷೆಯಲ್ಲಿ ನಕಲು ಹಿಡಿಯುವ ನನ್ನ ಕಣ್ಣು ಇಲ್ಲಿ ಏನು ಮಾಡುತ್ತಿತ್ತೋ!

ಗೊತ್ತಾದದ್ದು ಒಂದು ಬೇಸಿಗೆಯ ಮಧ್ಯಾಹ್ನ. ವಳಕಮದಿನ್ನಿಯ ಮದುವೆಯೊಂದರಲ್ಲಿ ವರನ ಟ್ರ್ಯಾಕ್ಟರ್ ಕಾಲುವೆ ಬದಿಯ ಕೆಸರಿನಲ್ಲಿ ಹೂತು, ಬೀಗರೇ ಇಳಿದು ತಳ್ಳಿದ ಕಥೆಯನ್ನು ರಸವತ್ತಾಗಿ ಹೇಳುತ್ತಾ ಕೆಲಸ ಮಾಡುತ್ತಿದ್ದರು. ಕರೆಂಟು ಹೋಯಿತು. ಅವರ ಕಾಲಬುಡದಲ್ಲಿದ್ದ ಯುಪಿಎಸ್ ಕೀಂ ಕೀಂ ಎಂದು ಚೀರತೊಡಗಿತು. ಈಗ ಸೇವ್ ಮಾಡುತ್ತಾರೆ, ಈಗ ಮಾಡುತ್ತಾರೆ ಎಂದು ನಾನು ನೋಡುತ್ತಿದ್ದೆ. ಅವರು ಬೀಗರಿಗೆ ಮೊಣಕಾಲ ತನಕ ಕೆಸರು ಮೆತ್ತಿಸುವುದರಲ್ಲಿ ಮಗ್ನ. ಕೊನೆಗೆ ಪರದೆ ಕಪ್ಪಾಯಿತು. ಬೆಳಗಿನಿಂದ ಮಾಡಿದ ಕೆಲಸವೆಲ್ಲ ಹೋಯಿತು.

"ಹಾಳಾದದ್ದು, ಒದರಲೂ ಇಲ್ಲ ನೋಡ್ರಿ" ಎಂದು ಯುಪಿಎಸ್‌ಗೆ ಒದ್ದರು.

ನನ್ನ ಮುಖವೇ ಹೇಳಿರಬೇಕು. ಕಾಲು ಹಿಂದಕ್ಕೆಳೆದುಕೊಂಡರು.

"ಒದರಿತೇನ್ರಿ?"

"ಹೂಂರಿ."

"ಬಾಳ ಹೊತ್ತು?"

"ಹೂಂ."

ಆಮೇಲೆ ಎಲ್ಲ ಹೇಳಿದರು. ಮೊದಲು ಅವರು ಕ್ಯಾಮೆರಾದವರು. ವರ್ಷಗಟ್ಟಲೆ ಬ್ಯಾಂಡಿನ ಮಗ್ಗುಲಿಗೆ, ಆಮೇಲೆ ಡಿಜೆ ಡಬ್ಬಿಗಳ ಮುಂದೆ ನಿಂತು ದುಡಿದವರು. ಬಲಗಿವಿ ಪೂರಾ ಹೋಗಿದೆ. ಎಡಗಿವಿಗೆ ಹತ್ತಿರದ ದಪ್ಪ ಧ್ವನಿಯಷ್ಟೇ. "ಸಣ್ಣ ಆವಾಜ ಮೊದಲ ಹೋದವು. ಗುಬ್ಬಿ ಹೋತು, ಈ ಯುಪಿಎಸ್ ಹೋತು, ಆಮ್ಯಾಲೆ ಹೆಣ್ಮಕ್ಕಳ ಮಾತು ಹೋದವು. ನೀವು ಬಾಯಿ ಬಿಟ್ಟು ಪಾಠ ಹೇಳಿದಂಗ ಮಾತಾಡ್ತೀರಿ, ಅದಕ್ಕ ತಿಳೀತೈತಿ." ಕೈ ಮುಗಿದರು. "ಯಾರ ಮುಂದೂ ಅನಬ್ಯಾಡ್ರಿ ಟೀಚರಮ್ಮ. ಕಿವುಡ ಮಿಕ್ಸಿಂಗ್ ಮಾಡಾಕತ್ತಾನಂದ್ರ ಈ ಮೆಟ್ಟಿಲು ಯಾರು ಹತ್ತತಾರ? ಮನ್ಯಾಗೂ ಪೂರಾ ಗೊತ್ತಿಲ್ಲ."

ನನಗೆ ಅಳು ಬಂತು. ಕೇಳಿಸದ ಕಿವಿಯಿಟ್ಟುಕೊಂಡು ನನ್ನ ತಂಗಿಯ ಮಾತನ್ನು ಅಕ್ಷರ ಬಿಡದೆ ಕೂರಿಸಿಕೊಟ್ಟ ಮನುಷ್ಯ ಇವರು! ಅಂದಿನಿಂದ ಭಾನುವಾರಗಳಲ್ಲಿ ನಾನು ಅವರ ಕಿವಿಯಾದೆ. ಅವರು ಗೆರೆ ನೋಡಿ ಸರಿಮಾಡುತ್ತಿದ್ದರು, ನಾನು ಹೆಡ್‌ಫೋನ್ ಹಾಕಿಕೊಂಡು ಗುಂಯ್ ಅನ್ನುತ್ತಿದೆಯೋ, ಒಂದೇ ಕಡೆ ಬರುತ್ತಿದೆಯೋ ಹೇಳುತ್ತಿದ್ದೆ. ನನ್ನ ಕಾಟ ತಾಳದೆ ಡಾಕ್ಟರರಲ್ಲಿಗೆ ಹೋಗಿ ಕಿವಿಗೆ ಮಷೀನನ್ನೂ ತಂದರು. "ಮಾತಿಗಿಂತ ಫ್ಯಾನ್ ಜೋರು ಕೇಳಸ್ತೈತಿ" ಎಂದು ವಾರದಲ್ಲೇ ಅದನ್ನು ಮೇಜಿನ ಖಾನೆಗೆ ಹಾಕಿದರು.

ಆದರೆ ವಾರದ ಉಳಿದ ದಿನಗಳಿಗೆ ಕಿವಿ ಯಾರು? ಒಂದು ಮದುವೆಯವರ ವಿಡಿಯೋದಲ್ಲಿ ಒಂದು ಪಕ್ಕ ಬರೀ ಗುಂಯ್‌ಗುಡುವ ಸದ್ದು ಹೋಗಿಬಿಟ್ಟಿತು. ಅವರು ಬಂದು ಕೂಗಾಡಿದರು, ಇವರು ತಪ್ಪು ತಪ್ಪು ಉತ್ತರ ಕೊಟ್ಟರು. ಸುದ್ದಿ ಓಣಿ ಇಳಿಯಿತು. ಗಿರಾಕಿಗಳು ಕಡಿಮೆಯಾದರು. ಖಾಜಾಸಾಬರು ಹೆದರಿದರು. ಕೈಯಲ್ಲಿ ಕಸುಬಿರುವಾಗಲೇ ಆಗಿಬಿಡಲಿ ಎಂದು ಒಬ್ಬಳೇ ಮಗಳು ನಸ್ರೀನಳಿಗೆ ಮಸ್ಕಿಯ ಗಂಡು ಗೊತ್ತುಮಾಡಿದರು. ಹುಡುಗಿ ಆಗಷ್ಟೇ ಬಿ.ಎಡ್. ಮುಗಿಸಿದ್ದಳು. ನಾನು ಸಿಟ್ಟಿಗೆದ್ದೆ.

"ಆಕೀನ್ನ ಕೇಳೀರೇನು?"

"ಕೇಳೀನ್ರಿ." ಅವರ ದನಿ ಇಳಿಯಿತು. "ತಲಿ ಬಗ್ಗಿಸಿ ಏನೋ ಅಂದ್ಲು. ನನಗ ಕೇಳಸಲಿಲ್ಲ. ಮತ್ತೊಮ್ಮಿ ಕೇಳಾಕ ಧೈರ್ಯ ಆಗಲಿಲ್ಲ."

ಈಗ ಆ ಕೋಣೆ ಗೊಬ್ಬರದಂಗಡಿಯವರ ಗೋದಾಮು. ಖಾಜಾಸಾಬರು ಮಸ್ಕಿಯಲ್ಲಿ ತಮ್ಮನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾರಂತೆ. ನಾನು ಅವರನ್ನು ಕೊನೆಯ ಸಲ ಕಂಡದ್ದು ಅವರು ಕೋಣೆ ಖಾಲಿ ಮಾಡುವ ಹಿಂದಿನ ದಿನ. 'ಒಂದು ಕೆಲಸ ಉಳಿದೈತಿ, ಬರ್ರಿ' ಎಂದು ಮೆಸೇಜು ಹಾಕಿದ್ದರು. ಉಳಿದದ್ದು ನಸ್ರೀನಳ ನಿಕಾಹ್ ವಿಡಿಯೋ. ಪರೀಕ್ಷೆಯ ಡ್ಯೂಟಿಯಿಂದಾಗಿ ನನಗೆ ಅದಕ್ಕೆ ಹೋಗಲಾಗಿರಲಿಲ್ಲ.

ಹೆಂಗಸರ ಕೋಣೆಯಲ್ಲಿ ಯಾರೋ ನೆಂಟರ ಹುಡುಗಿಯರು ಮೊಬೈಲಿನಲ್ಲಿ ತೆಗೆದದ್ದು. ನಸ್ರೀನ್ ತಲೆ ಬಾಗಿಸಿ ಕೂತಿದ್ದಾಳೆ, ಮುಖದ ಮೇಲೆ ಹೂವಿನ ಜಾಲರಿ. ಹೆಣ್ಣಿನ ಒಪ್ಪಿಗೆ ಕೇಳಲು ಬಂದ ಹಿರಿಯರು, ನಿಕಾಹ್‌ನಲ್ಲಿ ಅವರನ್ನು ವಕೀಲರು ಎನ್ನುತ್ತಾರೆ, ಮೂರು ಸಲ ಕೇಳುತ್ತಾರೆ, ಅವಳು ಮೂರು ಸಲ ಖುಬೂಲ್, ಅಂದರೆ ಒಪ್ಪಿದೆ, ಎನ್ನಬೇಕು. ಬಾಗಿಲಲ್ಲಿ ನಿಂತ ಖಾಜಾಸಾಬರೂ ಒಂದು ತುದಿಯಲ್ಲಿ ಕಾಣುತ್ತಾರೆ. ಮೂರನೆಯ ಸಲದ ಹೊತ್ತಿಗೆ ಹುಡುಗಿಯ ಭುಜ ನಡುಗುತ್ತವೆ. ಅಲ್ಲಿ ಖಾಜಾಸಾಬರು ಸಣ್ಣಗೆ ಒಂದು ದುಃಖದ ಪಿಟೀಲು ಹಾಕಿದ್ದರು.

"ತುಟಿ ಕಾಣಂಗಿಲ್ಲ. ಗೆರಿ ನೋಡೇ ಮಾಡೀನಿ. ಈ ಉದ್ದಂದು ವಕೀಲರ ಮಾತು, ಅದರ ಹಿಂದಿನ ಸಣ್ಣ ಉಬ್ಬು ನಸ್ರೀನಂದು. ಉಳಿದದ್ದು ಕೂಲರಿನ ಗದ್ಲ, ಪೂರಾ ತಗದೀನಿ. ಬರೋಬ್ಬರಿ ಐತೇನ್ರಿ?"

ಹೆಡ್‌ಫೋನ್ ಹಾಕಿಕೊಂಡೆ. ವಕೀಲರ ಪ್ರಶ್ನೆ ಕೇಳಿತು. ಅದರ ಹಿಂದೆ ಬಂದದ್ದು ಒಬ್ಬ ವಯಸ್ಸಾದ ಹೆಂಗಸಿನ ದನಿ: "ಬೋಲ್ ಮಾ". ಹೇಳಮ್ಮ ಎಂದು ಹುಡುಗಿಯ ಚಿಕ್ಕಮ್ಮ ಒತ್ತಾಯ ಮಾಡುತ್ತಿದ್ದಳು. ಮೂರು ಸಲವೂ ಅವಳದೇ ದನಿ. ನಸ್ರೀನಳ ದನಿ ಎಲ್ಲೂ ಇಲ್ಲ. ಅವಳಪ್ಪನೇ ಅದನ್ನು ಕೂಲರಿನ ಸದ್ದೆಂದು ತಿಳಿದು ಒರೆಸಿ ಹಾಕಿದ್ದರು.

ಬರೋಬ್ಬರಿ ಐತಿ ಎಂದು ಎದ್ದು ಬರಬಹುದಿತ್ತು. ಕಸುಬಿನ ಕೊನೆಯ ದಿನ, ಯಾಕೆ ನೋಯಿಸಬೇಕು ಎಂದು ನಾಲಿಗೆಯ ತುದಿಗೂ ಬಂತು. ಆಗಲಿಲ್ಲ. ಇದ್ದದ್ದನ್ನು ಹೇಳಿದೆ.

ಅವರು ಎದ್ದು ನಿಂತು ಕುರ್ಚಿ ನನ್ನ ಕಡೆ ತಳ್ಳಿದರು. "ನೀವ ಕುಂದರ್ರಿ. ಮೂಲ ಫೈಲ್ ತಗೀರಿ." ಆಮೇಲೆ ಸಣ್ಣಗೆ, "ಆಕಿ ಏನಂದಾಳ ನೋಡ್ರಿ. ಮನಸಿನಿಂದ ಅಂದಾಳೋ ಇಲ್ಲೋ ನೋಡ್ರಿ. ಭುಜ ನಡುಗಿದ್ದು ನೋಡಿ, ಅಳಾಕತ್ತಾಳ ಅಂತ ನಾ ಬಾಗಲಾಗ ನಿಂತು ಅತ್ತೀನಿ. ತಿಂಗಳಾತು, ಊಟ ಒಳಗ ಇಳಿಯವಲ್ದು."

ಅವರೇ ಕಲಿಸಿದಂತೆ ಕೂಲರಿನ ಸದ್ದನ್ನು ಪೂರಾ ತೆಗೆಯದೆ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಚಿಕ್ಕಮ್ಮನ ದನಿಗೆ ಮುಂಚೆ, ಗೆರೆಯಲ್ಲಿ ಉಬ್ಬೇ ಇಲ್ಲದ ಜಾಗವನ್ನು ಏರಿಸಿದೆ. ಒಂದು ಎಳೆಯ ದನಿ ಬಂತು: ಖುಬೂಲ್. ಹಿಂದೆಯೇ ಚಿಕ್ಕಮ್ಮ, ಬೋಲ್ ಮಾ. ಎರಡನೆಯ ಸಲವೂ ಹಾಗೇ. ಹುಡುಗಿ ಅನ್ನುತ್ತಲೇ ಇದ್ದಾಳೆ, ಮಗ್ಗುಲಿಗೆ ಕೂತವಳಿಗೂ ಕೇಳಿಸಿಲ್ಲ. ಮೂರನೆಯ ಸಲ ಖುಬೂಲ್ ಅಂದ ಮೇಲೂ ಚಿಕ್ಕಮ್ಮ ಒತ್ತಾಯಿಸಿದಾಗ ನಸ್ರೀನಳಿಗೆ ತಡೆಯಲಾಗಿಲ್ಲ. "ಬೋಲೀ ನಾ ಖಾಲಾ!" ಅಂದೆನಲ್ಲ ಚಿಕ್ಕಮ್ಮ ಎಂದು ಜಾಲರಿಯೊಳಗೇ ಕಿಸಕ್ಕನೆ ನಕ್ಕಿದ್ದಾಳೆ. ಭುಜ ಅದಕ್ಕೇ ನಡುಗಿವೆ.

"ಅತ್ತಿಲ್ರಿ," ಅಂದೆ, "ನಕ್ಕಾಳ."

ಅವರು ನನ್ನ ತುಟಿಯನ್ನು ನೋಡಿದರು, ನಂಬಲಿಲ್ಲ. ಎಡಗಿವಿಗೆ ಬಾಯಿಟ್ಟು, ಕೆಳಗಿನ ಗೊಬ್ಬರದಂಗಡಿಗೂ ಕೇಳುವಂತೆ ಕೂಗಿದೆ. "ನಕ್ಕಾಳ್ರಿ ಖಾಜಾಸಾಬ್ರ! ಮೂರು ಸಲನೂ ಖುಬೂಲ್ ಅಂದಾಳ. ಖಾಲಾಗ ಕೇಳಸಿಲ್ಲಂತ 'ಬೋಲೀ ನಾ' ಅಂದು ನಕ್ಕಾಳ!"

"ಬೋಲೀ ನಾ ಅಂದ್ಲಾ?" ಕಣ್ಣು ಒರೆಸಿಕೊಂಡು ಪರದೆಯತ್ತ ಕೈ ಮಾಡಿದರು. "ಆ ಪಿಟೀಲು ತಗದುಬಿಡ್ರಿ."

ತೆಗೆದೆ. ಸ್ಪೀಕರಿಗೆ ಹಾಕಿ ಮೊದಲಿನಿಂದ ಹಚ್ಚಿದೆ. ಅವರು ಪರದೆಯನ್ನೂ ನೋಡಲಿಲ್ಲ, ಗೆರೆಯನ್ನೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಎಡಕ್ಕಿನ ಸ್ಟೂಲಿನ ಮೇಲೆ ಕೂತಿದ್ದರು. ನಸ್ರೀನ್ ನಗುವ ಜಾಗ ಬಂದಾಗ ನನಗೂ ನಗು ಬಂತು. ಅದನ್ನು ಕಂಡು ಅವರೂ ನಕ್ಕರು.

"ಇನ್ನೊಮ್ಮಿ ಹಚ್ಚರಿ," ಅಂದರು.